ಬೊಲೋನ್ಯದಲ್ಲೊಂದು ಬಾಡಿಗೆ ಕೋಣೆ

ಹಿರಿಯರೇ, ಹೊರದೇಶಕ್ಕೆ ಓದಲು ಹೊರಟು ನಿಂತಿರುವ ವಿದ್ಯಾರ್ಥಿಗಳೇ,

ಸ್ನಾತಕೋತ್ತರ ಓದಿಗಾಗಿ ನಾನು ಎರಡು ವರ್ಷ ಇಟಲಿಯ ಬೊಲೋನ್ಯದಲ್ಲಿದ್ದೆ. ಆ ಊರಿನ ಮಾತು ಬಂದಾಗ ಎಲ್ಲರೂ ಅದರ ವಿಶ್ವವಿದ್ಯಾಲಯದ ಹುಟ್ಟಿನ ವರ್ಷವೆಂದು ಹೇಳಲಾಗುವ 1088ರಿಂದ ಆರಂಭಿಸುತ್ತಾರೆ. ನಾನು ಬಾಡಿಗೆ ಕೋಣೆಯಿಂದ ಆರಂಭಿಸುತ್ತೇನೆ. ಅಲ್ಲಿಗೆ ಹೋದ ಪರದೇಶದ ವಿದ್ಯಾರ್ಥಿಗೆ ಮೊದಲ ವಾರಗಳೆಲ್ಲ ಕೋಣೆ ಹುಡುಕುವುದರಲ್ಲೇ ಕಳೆಯುತ್ತವೆ. ಕೋಣೆಯೂ ಅಲ್ಲ, ಇನ್ನೊಬ್ಬರೊಡನೆ ಹಂಚಿಕೊಂಡ ಕೋಣೆಯಲ್ಲೊಂದು ಮಂಚ. ಅದಕ್ಕೆ ಅಲ್ಲಿನವರು ‘ಪೋಸ್ತೊ ಲೆತ್ತೊ’ ಎನ್ನುತ್ತಾರೆ. ಒಬ್ಬ ಮನೆಮಾಲೀಕರು ಫೋನಿನಲ್ಲಿ ಒಪ್ಪಿಕೊಂಡು, ನನ್ನ ಹೆಸರು ಕೇಳಿದ ಮೇಲೆ ಜಾಗವಿಲ್ಲವೆಂದರು. ಆ ಸಂಜೆ ಮಳೆ ಹಿಡಿದಿತ್ತು. ಕೊಡೆಯಿಲ್ಲದೆ ಊರಿನ ಅರ್ಧ ನಡೆದರೂ ನಾನು ನೆನೆಯಲಿಲ್ಲ.

ಅದಕ್ಕೆ ಕಾರಣ ಅಲ್ಲಿನ ಪೋರ್ತಿಕೊಗಳು, ಅಂದರೆ ಬೀದಿಯುದ್ದಕ್ಕೂ ಮನೆಗಳ ಮುಂದೆ ಕಂಬ, ಕಮಾನುಗಳ ಮೇಲೆ ಸೂರು ಹೊತ್ತು ಸಾಗುವ ಮೊಗಸಾಲೆಗಳು. ಹಳೆಯ ಊರೊಳಗೇ ಇವುಗಳ ಉದ್ದ ಸುಮಾರು 38 ಕಿಲೋಮೀಟರ್. 2021ರಲ್ಲಿ ಯುನೆಸ್ಕೊ ಇವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಇವು ಹುಟ್ಟಿದ ಬಗೆ ನನ್ನ ಕೋಣೆಯ ಕಷ್ಟಕ್ಕೆ ತೀರ ಹತ್ತಿರದ್ದು. ಮಧ್ಯಯುಗದಲ್ಲಿ ಊರು ಬೆಳೆದು, ವಿದ್ಯಾರ್ಥಿಗಳೂ ಕೈಕಸುಬಿನವರೂ ಬಂದು ತುಂಬಿಕೊಂಡಾಗ ಮಾಲೀಕರು ಮೇಲಂತಸ್ತನ್ನು ಬೀದಿಯ ಮೇಲಕ್ಕೆ ಚಾಚಿ ಕೋಣೆ ಹೆಚ್ಚಿಸಿಕೊಂಡರು. ಚಾಚಿದ ಭಾಗ ಭಾರವಾದಾಗ ಕೆಳಗೆ ಮರದ ಕಂಬ ಕೊಟ್ಟರು. ಬೇರೆ ಊರುಗಳು ಇಂಥದ್ದನ್ನು ಒತ್ತುವರಿಯೆಂದು ಕೆಡವಿಸಿದರೆ, ಬೊಲೋನ್ಯ 1288ರ ಶಾಸನದಲ್ಲಿ ಮನೆ ಕಟ್ಟುವವರೆಲ್ಲ ಪೋರ್ತಿಕೊ ಇಡಲೇಬೇಕೆಂದು ವಿಧಿಸಿತು. ನೆಲ ಮಾಲೀಕನದು, ನಡೆಯುವ ಹಕ್ಕು ಎಲ್ಲರದು. ದಾರಿಹೋಕರು ಕೇಳದೆಯೇ ಕೂತು ದಣಿವಾರಿಸಿಕೊಳ್ಳುವ ನಮ್ಮ ಮಲೆನಾಡಿನ ಜಗಲಿಯನ್ನು ಬಲ್ಲ ನನಗೆ ಈ ಏರ್ಪಾಡು ಕೂಡಲೇ ಅರ್ಥವಾಯಿತು. ಸ್ತ್ರಾದಾ ಮಜ್ಜೋರೆ ಬೀದಿಯ ಕಾಸಾ ಇಸೊಲಾನಿಯಲ್ಲಿ 13ನೆಯ ಶತಮಾನದ ಓಕ್ ಮರದ ಕಂಬಗಳು ಇಂದಿಗೂ ನಿಂತಿವೆ. ತರಗತಿಗೆ ಹೋಗುವ ದಾರಿಯಲ್ಲಿ ನಾನು ಅವನ್ನು ಮುಟ್ಟದೆ ಮುಂದೆ ಹೋದದ್ದು ಕಡಿಮೆ.

ಆ ಕಾಲದ ವಿದ್ಯಾರ್ಥಿಯ ಕಷ್ಟ ಕೋಣೆಗೆ ಮುಗಿಯುತ್ತಿರಲಿಲ್ಲ. ತನ್ನ ನಾಡಿನ ಇನ್ನೊಬ್ಬ ಸಾಲ ತೀರಿಸದೆ ಓಡಿಹೋದರೆ ಇವನ ಸೊತ್ತನ್ನು ಹಿಡಿಯಬಹುದಿತ್ತು. 12ನೆಯ ಶತಮಾನದ ಮಧ್ಯದಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಒಂದನೆಯ ಫ್ರೆಡರಿಕ್ ಹೊರಡಿಸಿದ ‘ಹಬೀತಾ’ ಶಾಸನವು ಅದನ್ನು ನಿಷೇಧಿಸಿತು. ಪರಊರಿನವರು ನಾಡುವಾರು ಕೂಟ ಕಟ್ಟಿಕೊಂಡು, ತಾವೇ ಅಧ್ಯಾಪಕರನ್ನು ನೇಮಿಸಿ, ಪಾಠಕ್ಕೆ ತಡವಾಗಿ ಬಂದ ಅಧ್ಯಾಪಕರಿಗೆ ದಂಡ ಹಾಕುವಷ್ಟು ಬಲಗೊಂಡರು. ಆ ಕೂಟಗಳಿಂದಲೇ ವಿಶ್ವವಿದ್ಯಾಲಯ ರೂಪುಗೊಂಡಿತೆಂಬುದು ನನಗೆ ಇಂದಿಗೂ ರೋಮಾಂಚನದ ಸಂಗತಿ.

ನಮ್ಮಲ್ಲಿಂದ ಹೋದ ಈಗಿನ ವಿದ್ಯಾರ್ಥಿ ಇಟಲಿ ಮುಟ್ಟಿದ ಎಂಟು ಕೆಲಸದ ದಿನಗಳೊಳಗೆ ಅಂಚೆ ಕಚೇರಿಯಲ್ಲಿ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು. ಕೈಗೆ ಬಂದ ರಸೀದಿಯನ್ನು ಜೋಪಾನ ಮಾಡಬೇಕು. ಸಸ್ಯಾಹಾರಿಗಳು ಹೂರಣ ತುಂಬಿದ ಹೆಸರುವಾಸಿ ಪಾಸ್ತಾ ತೊರ್ತೆಲ್ಲೀನಿಯಲ್ಲಿ ಹಂದಿಮಾಂಸವಿರುವುದನ್ನೂ, ಪರ್ಮೆಜಾನೊ ಚೀಸಿಗೆ ಹಾಲು ಹೆಪ್ಪುಗಟ್ಟಿಸುವ ವಸ್ತು ಕರುವಿನ ಹೊಟ್ಟೆಯಿಂದ ಬರುವುದನ್ನೂ ತಿಳಿದಿರಲಿ. ನಾನು ರಿಕೋತ್ತಾ ಎಂಬ ಮೆತ್ತನೆಯ ಚೀಸು ತುಂಬಿದ ತೊರ್ತೆಲ್ಲೋನಿ ಪಾಸ್ತಾವನ್ನೂ ಮನೆಯಲ್ಲಿ ಬೇಯಿಸಿದ ಅನ್ನ, ಬೇಳೆಯನ್ನೂ ನೆಚ್ಚಿಕೊಂಡಿದ್ದೆ.

ನನ್ನನ್ನು ನಿಜವಾಗಿ ಬದಲಿಸಿದ್ದು ಪರೀಕ್ಷೆ. ಅಲ್ಲಿ ಅನೇಕ ಪರೀಕ್ಷೆಗಳು ಮೌಖಿಕ. ತೆರೆದ ಕೋಣೆಯಲ್ಲಿ ಪ್ರಾಧ್ಯಾಪಕರೆದುರು ಕೂರಬೇಕು; ಸರದಿ ಕಾಯುವ ಸಹಪಾಠಿಗಳು ಹಿಂದೆ ಕುಳಿತು ಕೇಳುತ್ತಿರುತ್ತಾರೆ. 30ಕ್ಕೆ 18 ಬಂದರೆ ಉತ್ತೀರ್ಣ. ಬಂದ ಅಂಕವನ್ನು ಬೇಡವೆಂದು ಮುಂದಿನ ಸರದಿಗೆ ಮರಳಿ ಬರಲೂಬಹುದು. ಬರೆದು ಬರೆದೇ ಪದವಿ ಪಡೆದಿದ್ದ ನಾನು, ಮೊದಲ ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಇಟಾಲಿಯನ್ ಭಾಷೆಯಲ್ಲಿ ಮಾತು ಹೊರಡದೆ ಕುಳಿತೆ. ಬಂದ 21ನ್ನು ನಿರಾಕರಿಸಿ, ಮುಂದಿನ ಆರು ವಾರ ಪ್ರತಿ ರಾತ್ರಿ ಪೋರ್ತಿಕೊಗಳ ಕೆಳಗೆ ನಡೆಯುತ್ತ, ಪಾಠವನ್ನು ಗಟ್ಟಿಯಾಗಿ ನನಗೆ ನಾನೇ ಹೇಳಿಕೊಂಡೆ.

ಎರಡನೆಯ ಸಲ ಪರೀಕ್ಷೆಗೆ ಹೋಗುವ ಮುನ್ನ ಆರ್ಕಿಜಿನ್ನಾಸಿಯೊಗೆ ಹೋಗಿದ್ದೆ. 1563ರಲ್ಲಿ ಮುಗಿದ ಆ ವಿದ್ಯಾಮಂದಿರದ ಗೋಡೆ, ಚಾವಣಿಗಳ ತುಂಬ ಹಿಂದಿನ ವಿದ್ಯಾರ್ಥಿಗಳ ಸಾವಿರಾರು ಲಾಂಛನಗಳಿವೆ. ಪರೀಕ್ಷೆಯ ಹೊತ್ತಾಗುವ ತನಕ ನಾನು ಕತ್ತೆತ್ತಿ, ಅವರ ಹೆಸರು ಮತ್ತು ಬಂದ ನಾಡುಗಳನ್ನು ಒಂದೊಂದಾಗಿ ಓದುತ್ತ ನಿಂತಿದ್ದೆ.