ಮಿಲ್ಲಿಗೆ ಇಷ್ಟು ವೋಲ್ಟು, ಮಿಲಿಮೀಟರಿಗೆ ಎಷ್ಟು?

ಕೇಳುಗರಿಗೆಲ್ಲ ನಮಸ್ಕಾರ. ಹತ್ತಿರದಲ್ಲಿ ಒಂದು ಕಾಗದ, ಪೆನ್ನು ಇದ್ದರೆ ತಗೊಳ್ಳಿ. ಇವತ್ತಿನ ಮಾತಿನಲ್ಲಿ ಸ್ವಲ್ಪ ಲೆಕ್ಕ ಇದೆ, ವಿದ್ಯುತ್ ಕ್ಷೇತ್ರದ ತೀವ್ರತೆಯನ್ನು ಒಂದು ಯೂನಿಟ್ಟಿನಿಂದ ಇನ್ನೊಂದಕ್ಕೆ ಬದಲಾಯಿಸುವ ಲೆಕ್ಕ.

ಮೋಟಾರು, ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ಮಾಡುವವರಿಗೆ, ಐಟಿಐ, ಡಿಪ್ಲೊಮಾ ಓದುವ ಮಕ್ಕಳಿಗೆ ಇದು ದಿನನಿತ್ಯದ ವಿಷಯ. ವಿದ್ಯುತ್ ಹರಿಯದಂತೆ ತಡೆಯುವ ಇನ್ಸುಲೇಷನ್ ಹಾಳೆಯ ಡೇಟಾಶೀಟ್ ತೆಗೆದು ನೋಡಿ. ಅಮೆರಿಕದ ಕಂಪನಿಯದಾದರೆ ಅದು ಎಷ್ಟು ವೋಲ್ಟೇಜ್ ತಡೆಯುತ್ತದೆ ಎನ್ನುವುದನ್ನು 'ವೋಲ್ಟ್ಸ್ ಪರ್ ಮಿಲ್' ಲೆಕ್ಕದಲ್ಲಿ ಕೊಟ್ಟಿರುತ್ತಾರೆ. ಯುರೋಪಿನದಾದರೆ ಕಿಲೋವೋಲ್ಟ್ ಪರ್ ಮಿಲಿಮೀಟರ್. ಎರಡೂ ವಿದ್ಯುತ್ ಕ್ಷೇತ್ರದ ತೀವ್ರತೆಯ ಅಳತೆಯೇ. ಎದುರು ಬದುರು ಎರಡು ತಟ್ಟೆ ಇಟ್ಟು ವೋಲ್ಟೇಜ್ ಕೊಡಿ. ಆ ವೋಲ್ಟೇಜನ್ನು ನಡುವಿನ ಅಂತರದಿಂದ ಭಾಗಿಸಿ. ಬಂದ ಉತ್ತರವೇ ಕ್ಷೇತ್ರದ ತೀವ್ರತೆ.

ಮಿಲ್ ಅಂದರೆ ಮಿಲಿಮೀಟರ್ ಅಲ್ಲ. ಇದನ್ನು ದಯವಿಟ್ಟು ಗಟ್ಟಿಯಾಗಿ ನೆನಪಿಡಿ. ಒಂದು ಇಂಚನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಮಿಲ್. 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಸೇರಿ ಒಂದು ಇಂಚು ಅಂದರೆ ಸರಿಯಾಗಿ 25.4 ಮಿಲಿಮೀಟರ್ ಎಂದು ಒಪ್ಪಿಕೊಂಡವು. ಹಾಗಾಗಿ ಒಂದು ಮಿಲ್ ಅಂದರೆ 25.4 ಮೈಕ್ರಾನ್. ಮಿಲ್ಲನ್ನು ಮಿಲಿಮೀಟರ್ ಎಂದು ಓದಿಕೊಂಡರೆ ಲೆಕ್ಕ ಸುಮಾರು ಮೂವತ್ತೊಂಬತ್ತು ಪಟ್ಟು ತಪ್ಪುತ್ತದೆ.

ಈಗ ಸೂತ್ರ ಬರೆದುಕೊಳ್ಳಿ. ಮಿಲ್ಲಿಗೆ ಇಷ್ಟು ವೋಲ್ಟ್ ಎಂದು ಕೊಟ್ಟಿದ್ದರೆ 25.4ರಿಂದ ಭಾಗಿಸಿ, ಮಿಲಿಮೀಟರಿಗೆ ಎಷ್ಟು ಕಿಲೋವೋಲ್ಟ್ ಎಂದು ಸಿಗುತ್ತದೆ. ವಾಪಸ್ ಬರಬೇಕಾದರೆ 25.4ರಿಂದ ಗುಣಿಸಿ. ಅಷ್ಟೇ. ಸೊನ್ನೆಗಳ ಕಾಟವೇ ಇಲ್ಲ. ಯಾಕೆ ಗೊತ್ತಾ? ಮಿಲ್ ಇಂಚಿನ ಸಾವಿರದಲ್ಲಿ ಒಂದು ಪಾಲು, ವೋಲ್ಟ್ ಕಿಲೋವೋಲ್ಟಿನ ಸಾವಿರದಲ್ಲಿ ಒಂದು ಪಾಲು. ಮೇಲಿನ ಸಾವಿರ, ಕೆಳಗಿನ ಸಾವಿರ ಒಂದಕ್ಕೊಂದು ಹೊಡೆದುಹೋಗುತ್ತವೆ. ಅಂದರೆ ಮಿಲ್ಲಿಗೆ ಒಂದು ವೋಲ್ಟ್ ಎಂದರೂ, ಇಂಚಿಗೆ ಒಂದು ಕಿಲೋವೋಲ್ಟ್ ಎಂದರೂ ಒಂದೇ. ಇದು ನನಗೆ ತುಂಬಾ ಇಷ್ಟವಾದ ಸಂಗತಿ. ಬಾಯಿಪಾಠ ಮಾಡುವ ಅಗತ್ಯವೇ ಬೀಳುವುದಿಲ್ಲ.

ಗುಣಿಸಬೇಕೋ ಭಾಗಿಸಬೇಕೋ ಅನ್ನುವ ಗೊಂದಲ ಹಲವರಿಗೆ. ಡಜನ್ ಬಾಳೆಹಣ್ಣಿಗೆ 60 ರೂಪಾಯಿ ಅಂದರೆ ಒಂದು ಹಣ್ಣಿಗೆ 5 ರೂಪಾಯಿ, ಅಲ್ವಾ? ಪಾಲು ಚಿಕ್ಕದಾದರೆ ಪಾಲಿನ ಬೆಲೆಯೂ ಚಿಕ್ಕದು. ಇಲ್ಲೂ ಹಾಗೆಯೇ. ಇಂಚಿಗಿಂತ ಮಿಲಿಮೀಟರ್ ಚಿಕ್ಕದು, ಅದಕ್ಕೇ ಭಾಗಾಕಾರ.

ಗಾಳಿಯನ್ನೇ ತಗೊಳ್ಳಿ. ಸಾಮಾನ್ಯ ಒತ್ತಡದಲ್ಲಿ ಗಾಳಿ ಮಿಲಿಮೀಟರಿಗೆ ಸುಮಾರು 3 ಕಿಲೋವೋಲ್ಟ್ ತಡೆಯುತ್ತದೆ, ಅದರಾಚೆ ಕಿಡಿ ಹಾರುತ್ತದೆ. 25.4ರಿಂದ ಗುಣಿಸಿದರೆ ಮಿಲ್ಲಿಗೆ ಸುಮಾರು 76 ವೋಲ್ಟ್.

ಆದರೆ ಯೂನಿಟ್ ಬದಲಾಯಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನಾನು ಮುಖ್ಯವಾಗಿ ಹೇಳಬೇಕಾದ್ದು ಇದನ್ನೇ. ಡ್ಯುಪಾಂಟ್ ಕಂಪನಿಯ ಕ್ಯಾಪ್ಟಾನ್ ಎಚ್‌ಎನ್ ಎಂಬ ಹಳದಿ ಫಿಲ್ಮ್ ವೈಂಡಿಂಗ್ ಕೆಲಸದವರಿಗೆ ಗೊತ್ತು. ಒಂದು ಮಿಲ್ ದಪ್ಪದ ಫಿಲ್ಮಿಗೆ ಕಂಪನಿ ಕೊಡುವ ಅಂಕಿ ಮಿಲ್ಲಿಗೆ 7700 ವೋಲ್ಟ್, ಅಂದರೆ ಮಿಲಿಮೀಟರಿಗೆ 303 ಕಿಲೋವೋಲ್ಟ್. ಸರಿ, ಐದು ಮಿಲ್ ದಪ್ಪ ತಗೊಂಡರೆ ಐದು ಪಟ್ಟು, ಅಂದರೆ 38,500 ವೋಲ್ಟ್ ತಡೆಯಬೇಕಲ್ಲ? ಇಲ್ಲ. ಐದು ಮಿಲ್ ಫಿಲ್ಮಿಗೆ ಅದೇ ಕಂಪನಿ ಕೊಡುವುದು ಮಿಲ್ಲಿಗೆ 3900 ವೋಲ್ಟ್ ಮಾತ್ರ. ಒಟ್ಟು 19,500. ಹೆಚ್ಚುಕಡಿಮೆ ಅರ್ಧ! ದಪ್ಪ ಜಾಸ್ತಿಯಾದಷ್ಟೂ ಒಳಗೆ ಎಲ್ಲೋ ಒಂದು ದುರ್ಬಲ ಜಾಗ ಇರುವ ಸಾಧ್ಯತೆ ಹೆಚ್ಚು, ಒಳಗಿನ ಬಿಸಿ ಹೊರಗೆ ಹೋಗುವುದೂ ಕಷ್ಟ. ಅದಕ್ಕೇ ಅಂಕಿಯ ಪಕ್ಕದಲ್ಲಿ ದಪ್ಪವನ್ನೂ ಬರೆದುಕೊಳ್ಳಿ. ದಪ್ಪ ಹೇಳದ ಅಂಕಿಯನ್ನು ನಂಬಿ ವೈಂಡಿಂಗ್ ಮಾಡಬೇಡಿ.

ಟ್ರಾನ್ಸ್‌ಫಾರ್ಮರ್ ಎಣ್ಣೆಯ ಬಿಡಿವಿ, ಅಂದರೆ ಎಷ್ಟು ವೋಲ್ಟಿಗೆ ಕಿಡಿ ಹಾರುತ್ತದೆ ಎನ್ನುವ ಪರೀಕ್ಷೆಯದೂ ಇದೇ ಕಥೆ. ಐಇಸಿ ಎಂಬ ಅಂತರರಾಷ್ಟ್ರೀಯ ಮಾನಕ ಸಂಸ್ಥೆಯ ವಿಧಾನದಲ್ಲಿ ಎಲೆಕ್ಟ್ರೋಡುಗಳ, ಅಂದರೆ ವೋಲ್ಟೇಜ್ ಕೊಡುವ ಲೋಹದ ತುದಿಗಳ ನಡುವೆ 2.5 ಮಿಲಿಮೀಟರ್ ಅಂತರ. ಅಮೆರಿಕದ ಡಿ877 ಎಂಬ ಮಾನಕದ ವಿಧಾನದಲ್ಲಿ ಇಂಚಿನ ಹತ್ತನೇ ಒಂದು ಪಾಲು, ಅಂದರೆ 2.54. ಎರಡೂ ಒಂದೇ ಅನ್ನಿಸುತ್ತದೆ. ಆದರೆ ಅಮೆರಿಕದ ವಿಧಾನದಲ್ಲಿ ಚಪ್ಪಟೆ ಬಿಲ್ಲೆಗಳು, ಐಇಸಿಯಲ್ಲಿ ಗುಂಡಗಿನ ಅಥವಾ ಅಣಬೆಯಾಕಾರದ ಎಲೆಕ್ಟ್ರೋಡುಗಳು. ಅಮೆರಿಕದ ವಿಧಾನದಲ್ಲಿ ಸೆಕೆಂಡಿಗೆ 3 ಕಿಲೋವೋಲ್ಟ್ ಏರಿಸುತ್ತಾರೆ, ಐಇಸಿಯಲ್ಲಿ 2. ಹಾಗಾಗಿ ಒಂದರ ಫಲಿತಾಂಶವನ್ನು 25.4 ಹಿಡಿದು ಇನ್ನೊಂದಕ್ಕೆ ಬದಲಾಯಿಸಲು ಆಗುವುದೇ ಇಲ್ಲ.

ರೇಡಿಯೊದಲ್ಲಿ ಮಾತಾಡುತ್ತಾ ರೇಡಿಯೊ ಅಲೆಯ ವಿಷಯ ಬಿಟ್ಟರೆ ಹೇಗೆ? ಮೀಡಿಯಂ ವೇವ್ ಪ್ರಸಾರಕ್ಕೆ ಕಾಲು ಅಲೆಯುದ್ದದ ಕಂಬಕ್ಕೆ ಒಂದು ಕಿಲೋವ್ಯಾಟ್ ಶಕ್ತಿ ಕೊಟ್ಟರೆ, ನೆಲದಿಂದ ನಷ್ಟವೇ ಇಲ್ಲ ಎಂದುಕೊಂಡಾಗ, ಒಂದು ಮೈಲಿ ದೂರದಲ್ಲಿ ಸಿಗುವುದು ಮೀಟರಿಗೆ 195 ಮಿಲಿವೋಲ್ಟ್. ಅಮೆರಿಕದ ಹಳೆಯ ಎಂಜಿನಿಯರುಗಳು ಬಳಸುತ್ತಿದ್ದ ಅಂಕಿ ಇದು. ಕ್ಷೇತ್ರ ಮೀಟರಿನಲ್ಲಿ, ದೂರ ಮೈಲಿಯಲ್ಲಿ! ಒಂದು ಕಿಲೋಮೀಟರ್ ದೂರದಲ್ಲಿ ಎಷ್ಟು ಎಂದು ಕೇಳಿದರೆ ಮೀಟರನ್ನು ಮುಟ್ಟಬೇಡಿ, ಅದು ಮೊದಲೇ ಮೆಟ್ರಿಕ್. ದೂರ ಕಡಿಮೆಯಾದ ಹಾಗೆ ಕ್ಷೇತ್ರ ಅದೇ ಪ್ರಮಾಣದಲ್ಲಿ ಏರುತ್ತದೆ. ಒಂದು ಮೈಲಿ ಅಂದರೆ 1.609 ಕಿಲೋಮೀಟರ್. ಆದ್ದರಿಂದ 195ನ್ನು 1.609ರಿಂದ ಗುಣಿಸಿ. ಉತ್ತರ ಮೀಟರಿಗೆ 314 ಮಿಲಿವೋಲ್ಟ್. ನಮಸ್ಕಾರ.