ಐದು ಸ್ವರದ ಜಪಾನ್

ಕೇಳುಗರಿಗೆ ನಮಸ್ಕಾರ.

ಸಿನಿಮಾದಲ್ಲಿ ಜಪಾನ್ ಬಂತು ಅಂತ ನಮಗೆ ಗೊತ್ತಾಗುವುದು ಹೇಗೆ? ಒಂದು ದೊಡ್ಡ ಜಾಗಟೆ. ಡಂಯ್! ಅದೇ ಜಾಗಟೆ ಚೀನಾಕ್ಕೂ ಆಗುತ್ತದೆ, ಜಪಾನಿಗೂ ಆಗುತ್ತದೆ. ಈ ಚಾಳಿ ಕಂಡರೆ ನನಗೆ ಮೈ ಉರಿಯುತ್ತದೆ. ದೇಶ ಇರುವುದು ವಾದ್ಯದಲ್ಲಲ್ಲ, ಸ್ವರದಲ್ಲಿ. ಇವತ್ತು ನಾನು ಹೇಳುವುದು ಇದೊಂದೇ ಮಾತು.

ಶೇಕ್ಸ್‌ಪಿಯರ್‌ನ ‘ಆಸ್ ಯು ಲೈಕ್ ಇಟ್’ ನಗೆನಾಟಕ ನಿಮಗೆ ಗೊತ್ತು. ರಾಜ್ಯ ಕಳೆದುಕೊಂಡ ಡ್ಯೂಕ್, ಕಾಡು, ಗಂಡುವೇಷದ ರೋಸಲಿಂಡ್. ಕೆನೆತ್ ಬ್ರಾನಾ 2006ರಲ್ಲಿ ಇದನ್ನು ಸಿನಿಮಾ ಮಾಡಿದಾಗ ಕಥೆಯನ್ನು 19ನೇ ಶತಮಾನದ ಜಪಾನಿಗೆ ಒಯ್ದರು. ರೇಷ್ಮೆ, ಅಕ್ಕಿ ವ್ಯಾಪಾರಕ್ಕೆ ಹೋಗಿ ಅಲ್ಲೇ ನೆಲೆ ನಿಂತ ಇಂಗ್ಲಿಷರು ಇವರು. ನಾಟಕದ ಕುಸ್ತಿ ಇಲ್ಲಿ ಸುಮೋ ಆಗಿದೆ. ಸಂಗೀತ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಡಾಯ್ಲ್ ಅವರದು. ಇಡೀ ಆರ್ಕೆಸ್ಟ್ರಾ ಕೈಲಿದೆ, ಜೊತೆಗೆ ಜಪಾನೂ ಇದೆ. ಜಾಗಟೆ ಬಡಿಯಲು ಎಂಥ ಅವಕಾಶ, ಅಲ್ವಾ? ಆ ಮನುಷ್ಯ ಪಿಟೀಲನ್ನು ಮುಂದೆ ಬಿಟ್ಟರು. ಜಪಾನನ್ನು ಒಗ್ಗರಣೆಯ ಹಾಗೆ, ಚೂರೇ ಚೂರು ಹಾಕಿದರು.

ಇದು ನನಗೆ ಯಾಕೆ ಇಷ್ಟು ಹಿಡಿಸಿತು ಅಂದರೆ, ಒಂದು ಹಳೆಯ ಕಥೆ ಹೇಳಬೇಕು.

ನಾನು ಧಾರವಾಡದಲ್ಲಿ ಪಿಟೀಲು ಕಲಿಯುತ್ತಿದ್ದ ಕಾಲ. ಮಹಡಿ ಮೇಲೆ ಬಾಡಿಗೆ ಕೋಣೆ, ಕೆಳಗೆ ಮನೆಯೊಡತಿ ಅಜ್ಜಿ. ಗೆಳೆಯನೊಬ್ಬ ಕೋಟೋ ವಾದನದ ಕ್ಯಾಸೆಟ್ ತಂದುಕೊಟ್ಟಿದ್ದ. ಕೋಟೋ ಅಂದರೆ ಜಪಾನಿನ 13 ತಂತಿಯ ವಾದ್ಯ, ನೆಲದ ಮೇಲೆ ಮಲಗಿಸಿ ಮೀಟುತ್ತಾರೆ. ಸಂಜೆ ಆರಕ್ಕೆ ಹಚ್ಚಿದೆ. ಐದು ನಿಮಿಷ ಆಗಿಲ್ಲ, ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಅರ್ಧ ಸೋಸಿದ ಮೆಂತ್ಯದ ಸೊಪ್ಪು.

“ಏನೋ ತಮ್ಮಾ, ದೀಪಾ ಹಚ್ಚೋ ಹೊತ್ತಿಗೆ ಗುಣಕ್ರಿ ಹಚ್ಚೀಯಲ್ಲೋ? ಅದು ಮುಂಜಾನಿ ರಾಗ!”

“ಗುಣಕ್ರಿ ಅಲ್ಲಜ್ಜಿ, ಇದು ಜಪಾನಿನ ಸಂಗೀತ.”

ಅಜ್ಜಿ ಬಾಗಿಲಿಗೆ ಒರಗಿ ಮತ್ತೆ ಕೇಳಿದರು. “ಹೌದೇನು? ಹಂಗಾರ ಅಲ್ಲೆ ಈಗ ಮುಂಜಾನಿ ಆಗಿರಬೇಕು ಬಿಡು” ಅಂದು ಇಳಿದುಹೋದರು. ಅಲ್ಲಿ ಆಗ ರಾತ್ರಿ ಒಂಬತ್ತೂವರೆ. ಆದರೆ ಸ್ವರದ ವಿಷಯದಲ್ಲಿ ಅಜ್ಜಿ ತಪ್ಪಿರಲಿಲ್ಲ. ಕೇಳಿ.

(ಹಾಡಿ ತೋರಿಸುವುದು: ಸ ರಿ ಮ ಪ ದ ಸ)

ರಿ, ದ ಎರಡೂ ಕೋಮಲ, ಅಂದರೆ ಅರ್ಧ ಮೆಟ್ಟಿಲು ಇಳಿಸಿದ ಸ್ವರ. ಕರ್ನಾಟಕ ಸಂಗೀತದವರು ಇದನ್ನು ಕರ್ನಾಟಕ ಶುದ್ಧ ಸಾವೇರಿ ಎನ್ನುತ್ತಾರೆ. ಜಪಾನಿನವರಿಗೆ ಇದು ಮಿಯಾಕೊ-ಬುಷಿ ಎಂಬ ಸ್ವರಶ್ರೇಣಿ. ಈ ಐದೇ ಸ್ವರವನ್ನು ಕೊಳಲಲ್ಲಿ ನುಡಿಸಿ, ಹಾರ್ಮೋನಿಯಂ ಮೇಲೆ ಒತ್ತಿ, ಜಪಾನಿನ ಸುಳಿವು ಸಿಗುತ್ತದೆ. ಜಾಗಟೆ ಯಾಕ್ರೀ ಬೇಕು?

ಅಯ್ಯೋ, ಸ್ಟುಡಿಯೋ ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಉಳಿದಿದೆಯಂತೆ. ಅಜ್ಜಿಗೇ ಸಮಯ ಹೋಯಿತು.

ಬೇಗ ಹೇಳುತ್ತೇನೆ. ‘ಆಸ್ ಯು ಲೈಕ್ ಇಟ್’ ನಾಟಕದ ತುಂಬ ಹಾಡುಗಳಿವೆ. ಅವುಗಳಲ್ಲಿ ಒಂದಕ್ಕೆ 1600ರಲ್ಲೇ ಶೇಕ್ಸ್‌ಪಿಯರ್ ಕಾಲದ ಸಂಗೀತಗಾರ ಥಾಮಸ್ ಮಾರ್ಲಿ ಅಚ್ಚು ಹಾಕಿಸಿದ ಮಟ್ಟು ಈಗಲೂ ಸಿಗುತ್ತದೆ. ಡಾಯ್ಲ್ ತಮ್ಮದೇ ಹೊಸ ಮಟ್ಟು ಹಾಕಿದರು. ಅವರಿಗೆ ಹಾಡು ಗೊತ್ತು. 1989ರ ‘ಹೆನ್ರಿ ದಿ ಫಿಫ್ತ್’ ಅವರು ಸಂಗೀತ ಕೊಟ್ಟ ಮೊದಲ ಸಿನಿಮಾ. ಅದರಲ್ಲಿ ಯುದ್ಧ ಮುಗಿದ ಮೇಲೆ ಒಬ್ಬ ಸೈನಿಕ ಒಂಟಿ ದನಿಯಲ್ಲಿ ಹಾಡು ಎತ್ತುತ್ತಾನಲ್ಲ, ಆ ಸೈನಿಕ ಡಾಯ್ಲ್ ಅವರೇ. ಸುಮೋ ಕುಸ್ತಿಯ ಸಂಗೀತದ ಬಗ್ಗೆಯೂ ಬರೆದುಕೊಂಡು ಬಂದಿದ್ದೆ, ಇರಲಿ.

ಬ್ರಾನಾ ಅವರ ‘ಆಸ್ ಯು ಲೈಕ್ ಇಟ್’ ಸಿಕ್ಕರೆ ಒಮ್ಮೆ ಕಣ್ಣು ಮುಚ್ಚಿ ಕೇಳಿ. ಕಾಡಿನಲ್ಲಿ ಚಳಿಗಾಳಿಯ ಹಾಡು ಬರುತ್ತದೆ. ಅಲ್ಲಿ ಪಕ್ಕದವರನ್ನು ಸ್ವಲ್ಪ ಸುಮ್ನಿರಲು ಹೇಳಿ. ನಮಸ್ಕಾರ.