ಉಡದಾರ ಏನನ್ನು ಅಳೆಯುತ್ತಿತ್ತು?

ಎಲ್ಲರಿಗೂ ನಮಸ್ಕಾರ.

ಮೈಮೇಲೆ ತೊಡೋ ಲೋಹ ಕಾಯಿಲೆ ವಾಸಿ ಮಾಡುತ್ತೆ ಅನ್ನೋ ನಂಬಿಕೆ ಬಗ್ಗೆ ಇವತ್ತಿನ ಮಾತು. ಚಿತ್ರದುರ್ಗದಲ್ಲಿ ನಿಂತು ಲೋಹದ ಮಾತೆತ್ತಿದರೆ ಮೊದಲು ಬರೋದು ತಾಮ್ರ. ಇಂಗಳದಾಳಿನ ಗಣಿ ಇಲ್ಲೇ ಪಕ್ಕದಲ್ಲಿದೆಯಲ್ಲ! ಆದರೆ ತಾಮ್ರದ ಲೆಕ್ಕ ಬೇಗ ಮುಗಿಸಿಬಿಡ್ತೀನಿ. ಕೀಲುನೋವಿಗೆ ಕಡಗ ತೊಟ್ಟವರು ಮಣಿಕಟ್ಟಿನ ಹಸಿರು ಕಲೆ ತೋರಿಸಿ "ನೋಡ್ರಿ, ನಂಜು ಎಳೀತೈತೆ" ಅಂತಾರೆ. ಬೆವರಿನ ಉಪ್ಪು ತಾಮ್ರಕ್ಕೆ ತಾಗಿ ಹುಟ್ಟೋ ಬಣ್ಣ ಅದು, ಅಷ್ಟೇ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು ರುಮಟಾಯ್ಡ್ ಸಂಧಿವಾತದ 70 ಜನರಿಗೆ ಕಡಗ ತೊಡಿಸಿ ನೋಡಿ, 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವಾಗಲಿ ಊತವಾಗಲಿ ಅದರಿಂದ ಇಳಿಯಲಿಲ್ಲ.

ನನಗೆ ಹೆಚ್ಚು ಕಾಡೋದು ಉಡದಾರ. ಚಳ್ಳಕೆರೆ ಕಡೆಯ ನಮ್ಮಜ್ಜಿ ಮೊಮ್ಮಕ್ಕಳಿಗೆ ಎಣ್ಣೆ ಹಚ್ಚೋವಾಗ ಸೊಂಟದ ಬೆಳ್ಳಿ ಉಡದಾರದೊಳಗೆ ಬೆರಳು ತೂರಿಸಿ ನೋಡೋಳು. ಒಂದು ಬೆರಳು ಹಿಡಿದರೆ ಸರಿ. ಬಿಗಿಯಾದರೆ ಕೊಂಡಿಯನ್ನು ಸರಪಳಿಯ ಮುಂದಿನ ಬಳೆಗೆ ಸಿಕ್ಕಿಸೋಳು, ಮುಖದಲ್ಲಿ ನಗು. ಎರಡು ಬೆರಳು ಹೋದರೆ ಮಾತ್ರ ಮಾತಿಲ್ಲ. "ಕೂಸು ಸೊರಗೈತೆ, ಬಾಲಗ್ರಹ ಇರಬೇಕು" ಅಂತ ಅವತ್ತೇ ಮಂತ್ರಿಸೋರ ಹತ್ತಿರ ಹೊರಡೋಳು. ರೋಗಕ್ಕೆ ಅವಳಿಟ್ಟ ಹೆಸರು ತಪ್ಪಿರಬಹುದು, ಕಂಡದ್ದು ತಪ್ಪಲ್ಲ. ಬೆಳ್ಳಿ ಕಾಯಿಲೆ ವಾಸಿ ಮಾಡ್ತಿರಲಿಲ್ಲ. ದಿನಾ ಒಂದು ಸಲ ಮಗುವಿನ ಮೈ ಮುಟ್ಟಿ ನೋಡೋ ಹಾಗೆ ಮಾಡ್ತಿತ್ತು.

ಇವತ್ತು ಅಂಗನವಾಡಿ ಕಾರ್ಯಕರ್ತೆಯ ಕೈಯಲ್ಲಿರೋ ಮೂರು ಬಣ್ಣದ ಟೇಪನ್ನ ನೀವು ನೋಡಿರ್ತೀರಿ. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳಿಗೆ ಸುತ್ತುತ್ತಾರೆ. ಅಳತೆ 11.5 ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. 12.5ರವರೆಗೆ ಹಳದಿ, ಆಮೇಲೆ ಹಸಿರು. ಟೇಪು ಸೊಂಟ ಬಿಟ್ಟು ತೋಳು ಹಿಡಿದಿರೋದನ್ನ ಗಮನಿಸಿ. ಅನ್ನವಿಲ್ಲದ ಮಗುವಿಗೆ ಹೊಟ್ಟೆ ಊದಿಕೊಳ್ಳೋದುಂಟು. ಆಗ ಉಡದಾರ ಬಿಗಿಯಾಗಿಯೇ ಇರುತ್ತೆ, ಅಜ್ಜಿ ಮೋಸ ಹೋಗ್ತಾಳೆ. ತೋಳು ಅಷ್ಟು ಸುಲಭಕ್ಕೆ ಸುಳ್ಳು ಹೇಳಲ್ಲ. ಟೇಪಿಗೂ ಒಂದು ಕೊರತೆ ಇದೆ ಅನ್ನಿ: ಅಳೆದಾದ ಮೇಲೆ ಅದು ಚೀಲ ಸೇರುತ್ತೆ. ಉಡದಾರ ಮೈಮೇಲೇ ಇರುತ್ತೆ.

ಬೆಳ್ಳಿ ಕಪ್ಪಾದರೆ ದೃಷ್ಟಿ ಆಯ್ತು ಅಂತ ಹೆದರೋರಿದ್ದಾರೆ. ಗಾಳಿಯಲ್ಲಿ, ಬೆವರಿನಲ್ಲಿ ಇರೋ ಗಂಧಕದ ಕೆಲಸ ಅದು. ಉಜ್ಜಿ, ಬಿಡಿ.

ತಾಯತದ ವಿಷಯದಲ್ಲಿ ಮಾತ್ರ ನಾನು ಇಷ್ಟು ಹಗುರವಾಗಿ ಮಾತಾಡಲ್ಲ. 2009ರಲ್ಲಿ ನ್ಯೂಯಾರ್ಕಿನ ಒಂದು ವರ್ಷದ ಮಗುವಿನ ರಕ್ತದಲ್ಲಿ ಸೀಸ ಸಿಕ್ಕಿತು. ಮೂಲ ಹುಡುಕಿದರೆ, ಕಾಂಬೋಡಿಯಾದಿಂದ ತಂದು ಕಟ್ಟಿದ ತಾಯತದ ಮಣಿಗಳು! ಹಲ್ಲು ಬರೋ ಮಗು ಕೊರಳಲ್ಲಿದ್ದದ್ದನ್ನ ಬಾಯಿಗಿಡದೆ ಬಿಡುತ್ತಾ? ಸೀಸ ಮಿದುಳಿಗೇ ಕೈ ಹಾಕುತ್ತೆ. ಯಾವ ಲೋಹ ಅಂತ ಗೊತ್ತಿಲ್ಲದ ತಾಯತವನ್ನ ದಯವಿಟ್ಟು ಕೂಸಿನ ಕೊರಳಿಗೆ ಕಟ್ಟಬೇಡಿ. ಕಟ್ಟಲೇಬೇಕು ಅನ್ನೋ ಹಿರಿಯರು ಮನೆಯಲ್ಲಿದ್ದರೆ ತೊಟ್ಟಿಲ ಹಗ್ಗಕ್ಕೆ, ಕೈಗೆಟುಕದಷ್ಟು ಮೇಲೆ ಕಟ್ಟಿಸಿ.

ನನ್ನ ಉಡದಾರ ಹೊರಗಿನ ಮೇಜಿನ ಮೇಲಿದೆ. ಬಳೆ ಎಣಿಸಿ ನೋಡಿ, ಐದನೆಯದು ಸವೆದಿದೆ. ನಾನು ಬಹಳ ದಿನ ಅಲ್ಲೇ ನಿಂತಿದ್ದೆ ಅಂತ ಕಾಣುತ್ತೆ.